ಕಾರ್ಬನ್ ಸ್ಟೀಲ್ ಚಾಕು, ಕತ್ತಿ: ಕಾಡುಮೇಡಿನ ಕೆಲಸಕ್ಕೆ ಎಷ್ಟು ಡಿಗ್ರಿಗೆ ಮಸೆಯಬೇಕು?

ಚಾರಣ_ಶಿರಸಿ

ಮೂರು ಅಲಗುಗಳ ಬಗ್ಗೆ ಕೇಳುತ್ತಿದ್ದೇನೆ. ಮೊದಲನೆಯದು ಸ್ವೀಡನ್ನಿನ ಮೋರಾ ಕಂಪ್ಯಾನಿಯನ್ ಚಾಕು, ಕಾರ್ಬನ್ ಸ್ಟೀಲಿನದು, ಸ್ಕ್ಯಾಂಡಿ ಗ್ರೈಂಡ್ (ಅಲಗಿನ ಮೈಯಿಂದ ಬಾಯಿಯವರೆಗೂ ಒಂದೇ ಅಗಲವಾದ ಇಳಿಜಾರು ಪಟ್ಟಿ). ಎರಡನೆಯದು 1095 ಅನ್ನುವ ದರ್ಜೆಯ ಸ್ಟೀಲಿನ ಚಾಕು, ಬೆನ್ನಿನಿಂದ ಬಾಯಿಯವರೆಗೂ ಚಪ್ಪಟೆ ಗ್ರೈಂಡ್, ಬೆನ್ನು 4 ಮಿ.ಮೀ. ದಪ್ಪ, ಅಲಗು 30 ಮಿ.ಮೀ. ಅಗಲ. ಮೂರನೆಯದು ಲಾರಿಯ ಕಮಾನು ಪಟ್ಟಿಯಿಂದ ಕುಲುಮೆಯಲ್ಲಿ ಬಡಿಸಿದ ಕತ್ತಿ. ಕೆಲಸ: ಒಣಕಟ್ಟಿಗೆ ಸೀಳುವುದು, ಬಿದಿರು ಕಡಿಯುವುದು, ಗೂಟ ಚೂಪು ಮಾಡುವುದು, ಹಗ್ಗ ಕತ್ತರಿಸುವುದು, ಅಡುಗೆ. ಒಬ್ಬರು 15 ಅನ್ನುತ್ತಾರೆ, ಇನ್ನೊಬ್ಬರು 20, ಮತ್ತೊಬ್ಬರು 30. ಕೈಯಲ್ಲಿರುವುದು 400/1000ರ ಡೈಮಂಡ್ ಪ್ಲೇಟ್ (ಸಂಖ್ಯೆ ದೊಡ್ಡದಾದಷ್ಟೂ ಕಣ ನುಣುಪು), ಸಿಲಿಕಾನ್ ಕಾರ್ಬೈಡಿನ ಎರಡು ಮುಖದ ಕಲ್ಲು, ಚರ್ಮದ ಪಟ್ಟಿ. ಯಾವುದಕ್ಕೆ ಯಾವ ಕೋನ, ಯಾಕೆ?

ಸಾಣೆಗಲ್ಲು

15, 20, 30 ಅಂದವರು ಒಂದೇ ಲೆಕ್ಕದಲ್ಲಿ ಮಾತಾಡುತ್ತಿದ್ದಾರೋ ಇಲ್ಲವೋ ಅಂತ ಮೊದಲು ನೋಡಿ. ಕೆಲವರು ಒಂದು ಪಕ್ಕದ ಕೋನ ಹೇಳುತ್ತಾರೆ, ಕೆಲವರು ಎರಡೂ ಪಕ್ಕ ಕೂಡಿಸಿ ಹೇಳುತ್ತಾರೆ. ಚಾಕು ಹಿಡಿದು ಮಸೆಯುವ ಲ್ಯಾನ್ಸ್ಕಿ ಕ್ಲ್ಯಾಂಪಿನ ಮೇಲೆ ಬರೆದಿರುವ 17, 20, 25, 30 ಒಂದು ಪಕ್ಕದ್ದು. ಸ್ಪೈಡರ್ಕೋ ಶಾರ್ಪ್‌ಮೇಕರ್ ಅನ್ನುವ ಮಸೆಯುವ ಸಾಧನದ 30 ಮತ್ತು 40 ಒಟ್ಟು ಕೋನ, ಅಂದರೆ ಪಕ್ಕಕ್ಕೆ 15 ಮತ್ತು 20. ಮೋರಾದ ಸ್ಕ್ಯಾಂಡಿ ಒಟ್ಟು 25ರ ಆಸುಪಾಸು, ಪಕ್ಕಕ್ಕೆ 12 ಚಿಲ್ಲರೆ. ಹೀಗಾಗಿ "30ಕ್ಕೆ ಮಸೆ" ಅನ್ನುವ ಮಾತನ್ನು ಒಬ್ಬ ಅಡುಗೆ ಚಾಕುವಿನಂತೆ ಕೇಳಿಸಿಕೊಳ್ಳುತ್ತಾನೆ, ಇನ್ನೊಬ್ಬ ಕೊಡಲಿಯಂತೆ. ಈ ಎಳೆಯಲ್ಲಿ ಎಲ್ಲರೂ ಒಂದು ಪಕ್ಕದ ಕೋನವನ್ನೇ ಬರೆಯೋಣ.

ಎರಡನೇ ವಿಷಯ: ಹೊಸ ಕೋನ ಆರಿಸುವ ಮೊದಲು ಈಗ ಎಷ್ಟಿದೆ ಅಂತ ಅಳೆಯಿರಿ. ವರ್ನಿಯರ್ ಕ್ಯಾಲಿಪರ್ ಸಾಕು. ಮಸೆದ ಪಟ್ಟಿ ಮುಗಿದು ಅಲಗಿನ ಮೈ ಶುರುವಾಗುವ ಗೆರೆ ಇದೆಯಲ್ಲ, ಅಲ್ಲಿನ ದಪ್ಪ ಅಳೆದು ಅರ್ಧ ಮಾಡಿ. ಮಸೆದ ಪಟ್ಟಿಯ ಅಗಲ ಅಳೆಯಿರಿ. ಅರ್ಧ ದಪ್ಪವನ್ನು ಆ ಅಗಲದಿಂದ ಭಾಗಿಸಿದರೆ ಬರುವುದು ಕೋನದ ಸೈನ್. ಫೋನಿನ ಕ್ಯಾಲ್ಕುಲೇಟರಿನಲ್ಲಿ ವಿಲೋಮ ಸೈನ್ ಒತ್ತಿದರೆ ಡಿಗ್ರಿ ಸಿಗುತ್ತದೆ. ದಪ್ಪ 0.6, ಅಗಲ 1 ಆದರೆ 17.5 ಡಿಗ್ರಿ. ದಪ್ಪ 0.8, ಅಗಲ 1 ಆದರೆ 23.6. ದಪ್ಪ 1, ಅಗಲವೂ 1 ಆದರೆ ಪೂರ್ತಿ 30.

ಕ್ಯಾಲಿಪರಿನ ದವಡೆ ಬಾಯಿಗೆ ತಗುಲದ ಹಾಗೆ ಮೇಲಿನಿಂದ ಇಳಿಸಿ, ಗಟ್ಟಿ ಒತ್ತಬೇಡಿ. ಹಿಡಿಯ ಹತ್ತಿರ, ನಡುವೆ, ಮೊನೆಯ ಹತ್ತಿರ, ಮೂರು ಕಡೆ ಅಳೆಯಿರಿ. ಕಾರ್ಖಾನೆಯಿಂದ ಬಂದ ಚಾಕುಗಳಲ್ಲೂ ಮೂರು ಕಡೆ ಮೂರು ಕೋನ ಇರುವುದು ಸಾಮಾನ್ಯ.

ಲೋಹವಿದ್ಯೆ_ಭದ್ರಾವತಿ

ಕೋನ ಕೇಳುವ ಮೊದಲು ಗಡಸುತನ ಕೇಳಬೇಕು. ಬಾಯಿ ಕೆಡುವುದು ಎರಡು ರೀತಿ: ಮಡಚಿಕೊಳ್ಳುತ್ತದೆ, ಇಲ್ಲವೇ ಚಕ್ಕೆ ಏಳುತ್ತದೆ. ಸ್ಟೀಲು ಮೆತ್ತಗಿದ್ದು ಕೋನ ಕಿರಿದಾದರೆ ಮಡಚುತ್ತದೆ. ಗಡಸಾಗಿದ್ದು ತಾಳಿಕೆ ಕಡಿಮೆ ಇದ್ದರೆ, ಅಥವಾ ಅಡ್ಡಕ್ಕೆ ತಿರುಚಿದರೆ, ಚಕ್ಕೆ ಏಳುತ್ತದೆ. ಎರಡಕ್ಕೂ ತಕ್ಷಣದ ಮದ್ದು ಕೋನ ಹಿಗ್ಗಿಸುವುದೇ. ಆದರೆ ಕಾರಣ ಬೇರೆ, ಆದ್ದರಿಂದ ಎಷ್ಟು ಹಿಗ್ಗಿಸಬೇಕು ಅನ್ನುವುದೂ ಬೇರೆ.

1095ರಲ್ಲಿ ಇಂಗಾಲ 0.90ರಿಂದ 1.03 ಶೇಕಡಾ, ಮ್ಯಾಂಗನೀಸ್ ಸ್ವಲ್ಪ, ಕ್ರೋಮಿಯಂ ಹೆಸರಿಗೂ ಇಲ್ಲ. ಹೊರಾಂಗಣ ಚಾಕು ಮಾಡುವವರು ಇದನ್ನು ಹೆಚ್ಚಾಗಿ ರಾಕ್‌ವೆಲ್ ಸಿ (ಗಡಸುತನದ ಅಳತೆ) 55-58ಕ್ಕೆ ಹದ ಮಾಡುತ್ತಾರೆ, ಒರಟು ಕೆಲಸದಲ್ಲಿ ಮುರಿಯದಿರಲಿ ಅಂತ. ಆ ಗಡಸುತನದಲ್ಲಿ ಒಣಮರಕ್ಕೆ 15 ಡಿಗ್ರಿ ನಿಲ್ಲುವುದು ಕಷ್ಟ, ಮಡಚುತ್ತದೆ. 18ರಿಂದ 20 ಸರಿ. ಮೋರಾದ ಕಾರ್ಬನ್ ಅಲಗು 58-60, ಅದಕ್ಕೇ 12-13ರಲ್ಲೂ ಕೆತ್ತನೆಗೆ ನಿಲ್ಲುತ್ತದೆ. 52100 ಬೇರಿಂಗ್ ಸ್ಟೀಲನ್ನು 60ಕ್ಕೆ ಸರಿಯಾಗಿ ಹದ ಮಾಡಿದ್ದರೆ 15 ಧಾರಾಳವಾಗಿ ಸಾಕು.

ಕಮಾನು ಪಟ್ಟಿ ಅಂದರೆ 5160, ಎಸ್‌ಯುಪಿ9, ಇಎನ್45 ಇಂಥವು. ಇಂಗಾಲ 0.5ರಿಂದ 0.65ರ ಒಳಗೆ. ಏಟು ತಾಳುವುದರಲ್ಲಿ 1095ಗಿಂತ ಬಹಳ ಮೇಲು. ಒಂದು ಮಾತು ನೆನಪಿರಲಿ: ಲಾರಿಯಲ್ಲಿದ್ದಾಗ ಆ ಪಟ್ಟಿಯ ಗಡಸುತನ ಸುಮಾರು 45ರಷ್ಟೇ, ಯಾಕೆಂದರೆ ಅದು ಬಾಗಿ ಏಳಬೇಕಾದ ವಸ್ತು. ಕಾಯಿಸಿ ಹೊಸದಾಗಿ ಹದ ಹಾಕದೆ ಬರೀ ಗ್ರೈಂಡರಿನಲ್ಲಿ ಸವೆಸಿ ಮಾಡಿದ ಕತ್ತಿಗೆ ಯಾವ ಕೋನ ಕೊಟ್ಟರೂ ಬಾಯಿ ಮಡಚುತ್ತದೆ. ಹಳೆಯ ಆದರೆ ಚೂಪಾದ ಅರದಿಂದ ಬಾಯಿಯ ಹತ್ತಿರ ಮೆಲ್ಲಗೆ ಉಜ್ಜಿ ನೋಡಿ. ಅರ ಜಾರುತ್ತಾ ಅಲ್ಪಸ್ವಲ್ಪ ಕಚ್ಚಿದರೆ ಹದ ಇದೆ. ಕಟ್ಟಡದ ಕಂಬಿಯನ್ನು ತಿಂದಂತೆ ತಿಂದರೆ ಹದ ಇಲ್ಲ.

ಮರಕೆತ್ತನೆ

20 ಅನ್ನುವುದು ಕೋನ ಸೂಚಿಸುವ ಎಲ್ಲ ಯಾದಿಗಳಲ್ಲೂ ಬರೆದಿರುವ ಸಂಖ್ಯೆ. ಕಂಪನಿಗಳು ಅದನ್ನು ಬರೆಯುವುದು ದೂರು ಬರದಿರಲಿ ಅಂತ. ಚೆನ್ನಾಗಿ ಹದವಾದ ಕಾರ್ಬನ್ ಸ್ಟೀಲನ್ನು 20ರಲ್ಲಿ ಇಟ್ಟುಕೊಂಡರೆ ಅದರ ಅರ್ಧ ಗುಣ ಬಳಸದೆ ಬಿಟ್ಟಂತೆ. ಶೆಫೀಲ್ಡಿನ ಕ್ಯಾಟ್ರಾ ಯಂತ್ರದಲ್ಲಿ ಮರಳು ಬೆರೆಸಿದ ರಟ್ಟನ್ನು ಕತ್ತರಿಸಿ ಪರೀಕ್ಷೆ ಮಾಡುತ್ತಾರಲ್ಲ, ಅಲ್ಲೂ ಅದೇ ಸ್ಟೀಲು ಕಿರಿದಾದ ಕೋನದಲ್ಲಿ ಹೆಚ್ಚು ರಟ್ಟು ಕತ್ತರಿಸುತ್ತದೆ. ಕಿರಿದಾದ ಬಾಯಿ ಬೇಗ ಮೊಂಡಾಗುತ್ತದೆ ಅನ್ನುವುದು ಅರ್ಧಸತ್ಯ.

ಲೋಹವಿದ್ಯೆ_ಭದ್ರಾವತಿ

ಕ್ಯಾಟ್ರಾ ಫಲಿತಾಂಶ ನಿಜ, ಒಪ್ಪುತ್ತೇನೆ. ಆದರೆ ಆ ಯಂತ್ರ ಅಲಗನ್ನು ನೇರವಾಗಿ ಹಿಂದೆ ಮುಂದೆ ಎಳೆಯುತ್ತದೆ. ಬಾಯಿಗೆ ಅಡ್ಡಬಲ ಬೀಳುವುದಿಲ್ಲ. ಬಿದಿರಿನ ಗಿಣ್ಣಿಗೆ ಹೊಡೆದು ಅಲಗು ಸಿಕ್ಕಿಕೊಂಡಾಗ ಎಡಬಲ ಅಲ್ಲಾಡಿಸಿ ಕೀಳುತ್ತೇವೆ, ಬಾಯಿ ಹಾಳಾಗುವುದು ಆ ಕ್ಷಣದಲ್ಲಿ. ಸವೆತಕ್ಕೆ ಕಿರಿದಾದ ಕೋನ ಒಳ್ಳೆಯದು, ಅಡ್ಡಬಲಕ್ಕೆ ಕೆಟ್ಟದ್ದು. ಹಗ್ಗ, ತರಕಾರಿ, ಗೂಟದ ಕೆತ್ತನೆಗೆ ನಿಮ್ಮ ಮಾತು ಸರಿ. ಕಡಿಯುವುದಕ್ಕೆ ಸರಿಯಲ್ಲ.

ಮರಕೆತ್ತನೆ

ಹಾಗಾದರೆ ಸಂಖ್ಯೆಯ ಬದಲು ವಿಧಾನ ಹೇಳುತ್ತೇನೆ. ಸ್ಟೀಲು ತಡೆಯಬಹುದು ಅನ್ನಿಸುವ ಕೋನಕ್ಕಿಂತ ಒಂದಿಷ್ಟು ಕಿರಿದಾಗಿಯೇ ಶುರುಮಾಡಿ. 1095ಗೆ 17. ಪೂರ್ತಿ ಮಸೆದು, ಬರ್ (ಮಸೆದಾಗ ಬಾಯಿಯಲ್ಲಿ ಏಳುವ ಲೋಹದ ತೆಳು ಎಳೆ) ತೆಗೆದು, ನಿಮ್ಮ ನಿಜವಾದ ಕೆಲಸದ ಮರದ ಮೇಲೆ ಬಳಸಿ. ಒಣಗಿದ ಸರ್ವೆ, ಬಿದಿರಿನ ಗಿಣ್ಣು, ಏನಿದೆಯೋ ಅದು. ಆಮೇಲೆ ಬಾಯಿಯನ್ನು ನೇರ ಕಣ್ಣಿಗೆ ಹಿಡಿದು ಟಾರ್ಚ್ ಬೆಳಕಿನಲ್ಲಿ ನಿಧಾನ ತಿರುಗಿಸಿ. ಹರಿತವಾದ ಬಾಯಿಗೆ ಬೆಳಕು ಪ್ರತಿಫಲಿಸುವಷ್ಟು ಅಗಲವೇ ಇರುವುದಿಲ್ಲ, ಬರೀ ಕಪ್ಪು ಗೆರೆ. ಎಲ್ಲಿ ಬಿಳಿ ಚುಕ್ಕಿ ಮಿನುಗುತ್ತದೋ ಅಲ್ಲಿ ಮಡಚಿದೆ ಅಥವಾ ಚಪ್ಪಟೆಯಾಗಿದೆ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಇದ್ದರೆ ಎರಡರಲ್ಲಿ ಯಾವುದು ಅಂತಲೂ ಗೊತ್ತಾಗುತ್ತದೆ: ಮಡಚಿದ್ದು ಒಂದೇ ಪಕ್ಕಕ್ಕೆ ಹೊಳೆಯುತ್ತದೆ, ಆ ಪಕ್ಕ ಉಗುರು ತಡೆಯುತ್ತದೆ. ಚಕ್ಕೆ ಎದ್ದದ್ದು ಅರ್ಧಚಂದ್ರದ ಹಾಗೆ ಒಳಗೆ ಕಚ್ಚಿಕೊಂಡಿರುತ್ತದೆ.

ಏನೂ ಆಗದಿದ್ದರೆ ಮುಂದಿನ ಸಲ 2 ಡಿಗ್ರಿ ಇಳಿಸಬಹುದು. ಕೆಟ್ಟಿದ್ದರೆ ಇಡೀ ಪಟ್ಟಿಯನ್ನು ಮತ್ತೆ ಮಸೆಯುವ ಅಗತ್ಯವಿಲ್ಲ. 2-3 ಡಿಗ್ರಿ ಎತ್ತಿ 1000ದ ಕಲ್ಲಿನ ಮೇಲೆ ಪಕ್ಕಕ್ಕೆ ಐದಾರು ಹಗುರ ಎಳೆತ, ಅಷ್ಟೇ. ಅದೇ ಮೈಕ್ರೋ ಬೆವೆಲ್. ಮಡಚುವುದು ನಿಲ್ಲುವವರೆಗೆ ಏರಿಸುತ್ತಾ ಹೋಗಿ. ನಿಂತ ಜಾಗವೇ ನಿಮ್ಮ ಚಾಕುವಿಗೆ, ನಿಮ್ಮ ಕೈಗೆ, ನಿಮ್ಮ ಮರಕ್ಕೆ ಸರಿಯಾದ ಕೋನ. ದೊಡ್ಡ ಕೋನದಿಂದ ಶುರುಮಾಡಿದರೆ ಇದು ಯಾವತ್ತೂ ಗೊತ್ತಾಗುವುದಿಲ್ಲ. ಬಾಯಿ ಕೆಡದೇ ಇದ್ದುದರಿಂದ ಎಲ್ಲ ಸರಿ ಇದೆ ಅಂದುಕೊಂಡು ಮೊಂಡು ಚಾಕುವನ್ನೇ ಬಳಸುತ್ತಿರುತ್ತೀರಿ.

ತೋಟದ_ಕತ್ತಿ_ಕೊಪ್ಪ

ಕತ್ತಿಯ ಮಾತು ಬೇರೆ. ಇಲ್ಲಿ ಯಾರೂ ಡಿಗ್ರಿ ಲೆಕ್ಕದಲ್ಲಿ ಮಸೆಯುವುದಿಲ್ಲ, ಆದರೂ ಹಸಿ ಕೊಂಬೆ ಸವರುವ ಕತ್ತಿಗೂ ಕಟ್ಟಿಗೆ ಒಡೆಯುವ ಕತ್ತಿಗೂ ಬಾಯಿ ಬೇರೆ ಇಟ್ಟುಕೊಳ್ಳುತ್ತಾರೆ. ಅಳೆದರೆ ಹಸಿಮರದ ಕತ್ತಿ 20-22ರ ಹತ್ತಿರ, ಕಟ್ಟಿಗೆ ಕತ್ತಿ 25-30. ಎರಡೂ ಚಪ್ಪಟೆ ಪಟ್ಟಿಯಲ್ಲ, ಉಬ್ಬು ಬಾಯಿ.

ಮಲೆನಾಡಿನ ಕತ್ತಿಯ ತುದಿ ಒಳಕ್ಕೆ ಬಾಗಿರುವುದರಿಂದ ಆ ಬಾಗಿನ ಬಾಯಿ ಅಗಲ ಕಲ್ಲಿನ ಮೇಲೆ ಕೂರುವುದಿಲ್ಲ. ಕಲ್ಲಿನ ಅಂಚು ಎರಡು ಕಡೆ ತಗುಲಿ ನಡುವೆ ಖಾಲಿ ಉಳಿಯುತ್ತದೆ. ಅದಕ್ಕೆ ಕತ್ತಿಯನ್ನು ಹಲಗೆಗೆ ಒತ್ತಿ ನಿಲ್ಲಿಸಿ, ಕಿರಿದಾದ ಕಲ್ಲನ್ನೋ ದುಂಡು ಅರವನ್ನೋ ಕತ್ತಿಯ ಮೇಲೆ ಓಡಿಸಬೇಕು. ದುಂಡು ಅರದ ವ್ಯಾಸ ಬಾಗಿಗಿಂತ ಸಣ್ಣದಿದ್ದರೆ ಸಾಕು. ಅರ ಒಂದೇ ಜಾಗದಲ್ಲಿ ನಿಲ್ಲದಂತೆ ಹಿಡಿಯ ಕಡೆಯಿಂದ ಮೊನೆಯ ಕಡೆಗೆ ಜಾರಿಸುತ್ತಾ ತಳ್ಳಿ, ಇಲ್ಲದಿದ್ದರೆ ಬಾಯಲ್ಲಿ ಅಲೆ ಬೀಳುತ್ತದೆ. ಅಲೆ ಬಿದ್ದ ಕತ್ತಿ ಹಸಿ ನಾರನ್ನು ಕಡಿಯದೆ ಜಗಿಯುತ್ತದೆ.

ಇನ್ನೊಂದು. ಕುಲುಮೆಯಲ್ಲಿ ಸಾಮಾನ್ಯವಾಗಿ ಬಾಯಿಗೆ ಮಾತ್ರ ನೀರು ಕುಡಿಸುತ್ತಾರೆ, ಬೆನ್ನು ಮೆತ್ತಗೇ ಉಳಿಯುತ್ತದೆ. ಕತ್ತಿ ಮುರಿಯದೆ ಬಾಳುವುದು ಅದರಿಂದಲೇ. ಆದರೆ ಗಡಸು ಭಾಗ ಬಾಯಿಯಿಂದ ಸ್ವಲ್ಪ ದೂರ ಮಾತ್ರ. ಮಸೆದು ಮಸೆದು ಅದು ಮುಗಿದ ಮೇಲೆ ಕತ್ತಿ ಇದ್ದಕ್ಕಿದ್ದಂತೆ ಬಾಯಿ ನಿಲ್ಲಿಸುವುದನ್ನು ಬಿಡುತ್ತದೆ. 30ಕ್ಕೆ ಏರಿಸಿದರೂ ಮಡಚುತ್ತದೆ, ಬರ್ ಉದ್ದಕ್ಕೆ ಎದ್ದು ಎಷ್ಟು ತಿಕ್ಕಿದರೂ ಬೀಳುವುದಿಲ್ಲ. ಆಗ ಕಲ್ಲು ಬಿಟ್ಟು ಮತ್ತೆ ಕುಲುಮೆಗೇ ಕೊಡಬೇಕು.

ಲೋಹವಿದ್ಯೆ_ಭದ್ರಾವತಿ

ಮತ್ತೆ ಹದ ಹಾಕಿಸುವಾಗ ನೀರಿನ ಬದಲು ಎಣ್ಣೆ ಬಳಸಲು ಹೇಳಿ. 5160, ಎಸ್‌ಯುಪಿ9 ಎಣ್ಣೆಯಲ್ಲಿ ಗಡಸಾಗುವ ಸ್ಟೀಲುಗಳು, ನೀರಿಗೆ ಅದ್ದಿದರೆ ಬಾಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳಬಹುದು. ಅಂಥ ಕತ್ತಿಯಲ್ಲಿ ಒಂದೇ ಜಾಗದಲ್ಲಿ ಪದೇ ಪದೇ ದೊಡ್ಡ ಚಕ್ಕೆ ಏಳುತ್ತದೆ, ಅದನ್ನು ಯಾವ ಕೋನವೂ ಸರಿಮಾಡದು. ಅಯಸ್ಕಾಂತ ಹಿಡಿಯುವುದನ್ನು ಬಿಡುವುದು 770 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. 5160ಗೆ ಅದಕ್ಕಿಂತ ತುಸು ಮೇಲೆ, 830-845 ಬೇಕು. ಎಣ್ಣೆಗೆ ಅದ್ದಿದ ಮೇಲೆ 200ರ ಆಸುಪಾಸಿನಲ್ಲಿ ಎರಡು ಗಂಟೆ ಇಟ್ಟರೆ ಬಾಯಿ 57ರ ಹತ್ತಿರ ನಿಲ್ಲುತ್ತದೆ.

ಚಾರಣ_ಶಿರಸಿ

1095 ಚಾಕು ಅಳೆದೆ. ಗೆರೆಯ ಹತ್ತಿರ ದಪ್ಪ 0.9, ಪಟ್ಟಿ 1.1 ಮಿ.ಮೀ. ಲೆಕ್ಕಕ್ಕೆ 24 ಡಿಗ್ರಿ ಬರುತ್ತದೆ. 18ಕ್ಕೆ ಇಳಿಸಬೇಕೆಂದರೆ ಎಷ್ಟು ಲೋಹ ಹೋಗುತ್ತದೆ? ಕೈಯಲ್ಲಿ ಕೋನ ಹಿಡಿಯುವುದು ಹೇಗೆ?

ಸಾಣೆಗಲ್ಲು

0.45 ಭಾಗಿಸು 18ರ ಸೈನ್, ಅಂದರೆ 0.309. ಪಟ್ಟಿ 1.46 ಮಿ.ಮೀ. ಆಗುವವರೆಗೆ ಮಸೆಯಬೇಕು. 400ರ ಡೈಮಂಡಿನಲ್ಲಿ ತಾಳ್ಮೆಯಿಂದ ಕೂತರೆ ಒಂದೇ ದಿನದಲ್ಲಿ ಆಗುವ ಕೆಲಸ.

ಕೋನ ಹಿಡಿಯುವುದನ್ನು ಡಿಗ್ರಿಯಲ್ಲಿ ಯೋಚಿಸಬೇಡಿ, ಬೆನ್ನು ಕಲ್ಲಿನಿಂದ ಎಷ್ಟು ಮೇಲಿದೆ ಅಂತ ಯೋಚಿಸಿ. ಅಲಗಿನ ಅಗಲವನ್ನು ಸೈನಿನಿಂದ ಗುಣಿಸಿ, ಅದರಿಂದ ಬೆನ್ನಿನ ಅರ್ಧ ದಪ್ಪವನ್ನು ಕೊಸೈನಿನಿಂದ ಗುಣಿಸಿದ್ದನ್ನು ಕಳೆಯಿರಿ. ನಿಮ್ಮ ಚಾಕುವಿಗೆ 15 ಡಿಗ್ರಿ ಅಂದರೆ ಬೆನ್ನಿನ ಕೆಳಗೆ 5.8 ಮಿ.ಮೀ. ಸಂದು, 18ಕ್ಕೆ 7.4, 20ಕ್ಕೆ 8.4, 25ಕ್ಕೆ 10.9. ಅಂದರೆ ಬೆನ್ನು ಒಂದು ಮಿ.ಮೀ. ಏರಿಳಿದರೆ 2 ಡಿಗ್ರಿ ವ್ಯತ್ಯಾಸ. ಮರದ ಚೂರೊಂದನ್ನು 7.4ಕ್ಕೆ ಸವೆಸಿ ಕಲ್ಲಿನ ಮೇಲೆ ಇಟ್ಟು, ಬೆನ್ನನ್ನು ಅದರ ಮೇಲೆ ಒರಗಿಸಿ ಕೈಗೆ ಆ ಎತ್ತರ ಅಭ್ಯಾಸ ಮಾಡಿಸಿ. ನಂತರ ಚೂರು ತೆಗೆದು ಮಸೆಯಿರಿ.

ಪಟ್ಟಿಯ ಮೇಲೆ ಪರ್ಮನೆಂಟ್ ಮಾರ್ಕರ್ ಬಳಿದು ಎರಡೇ ಎಳೆತ ಹಾಕಿ ನೋಡಿ. ನಿಮ್ಮ ಚಾಕುವಿನಲ್ಲಿ ಈಗಿನ ಕೋನ ದೊಡ್ಡದು, ಆದ್ದರಿಂದ ಮೊದಲು ಮಸಿ ಅಳಿಸುವುದು ಮೇಲಿನ ಗೆರೆಯ ಹತ್ತಿರ. ಬಾಯಿಯ ಹತ್ತಿರದ ಮಸಿ ಹಾಗೇ ಇರುತ್ತದೆ. ಅದು ಸರಿಯಾದ ಲಕ್ಷಣ. ಮಸಿ ಬಾಯಿಯವರೆಗೂ ಅಳಿಸುವ ತನಕ 400ರಲ್ಲೇ ಇರಿ. ಬಹಳ ಜನ ಅವಸರಪಟ್ಟು ಇಲ್ಲೇ ಬೆನ್ನು ಎತ್ತಿಬಿಡುತ್ತಾರೆ. ಬರ್ ಬರುತ್ತದೆ, ಚಾಕು ಹರಿತವೂ ಆಗುತ್ತದೆ, ಕೋನ ಮಾತ್ರ ಹಳೆಯ 24ರಲ್ಲೇ ಉಳಿದಿರುತ್ತದೆ.

ಮರಕೆತ್ತನೆ

ಇದಕ್ಕೆ ಸೇರಿಸಬೇಕಾದದ್ದು: ಬಾಯಿಯ ಹಿಂದಿನ ದಪ್ಪ ಕೋನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. 0.9 ಮಿ.ಮೀ. ದಪ್ಪದ ಮೇಲೆ 18 ಡಿಗ್ರಿ ಇಟ್ಟ ಚಾಕುಗಿಂತ 0.5 ದಪ್ಪದ ಮೇಲೆ 20 ಇಟ್ಟದ್ದು ಮರದಲ್ಲಿ ಸಲೀಸಾಗಿ ಇಳಿಯುತ್ತದೆ. ಕ್ಯಾರೆಟ್ ಕತ್ತರಿಸುವಾಗ ಪಟ್ ಅಂತ ಸೀಳುವುದು ಈ ದಪ್ಪದಿಂದ, ಬಾಯಿಯ ಕೋನದಿಂದಲ್ಲ. ಕೆತ್ತನೆ, ಅಡುಗೆಯೇ ಮುಖ್ಯವಾದರೆ ಗೆರೆಯ ಮೇಲಿನ ಮೈಯನ್ನು 8-10 ಡಿಗ್ರಿಯಲ್ಲಿ ಸವೆಸಿ 0.6ಕ್ಕೆ ತಂದು, ಬಾಯಿಗೆ 20 ಕೊಡಿ. ಕಡಿಯುವುದೂ ಇದ್ದರೆ 0.8ಕ್ಕಿಂತ ಇಳಿಯಬೇಡಿ.

ಕುಲುಮೆ_ಹುಬ್ಬಳ್ಳಿ

"15ಕ್ಕೆ ಮಸೆದೆ, ಎರಡೇ ಏಟಿಗೆ ಮೊಂಡಾತು, ಕೋನ ತಾಳಲಿಲ್ಲ" ಅಂತ ಹೇಳೋರಲ್ಲಿ ಬಹಳ ಮಂದಿಯ ಚಾಕುನಾಗ ತಪ್ಪು ಕೋನದ್ದಲ್ಲ, ಬರ್ ಪೂರ್ತಿ ಹೋಗಿಲ್ಲ. ಬರ್ ಅಂದ್ರೆ ಬಾಯಿಯ ಆಚೆ ಮಗುಚಿಕೊಂಡು ನಿಂತ ಲೋಹದ ತೆಳು ಎಳೆ. ಅದು ನೆಟ್ಟಗೆ ನಿಂತಾಗ ಕೂದಲನ್ನೂ ಬೋಳಿಸ್ತದ, ಹಂಗಾಗಿ ಹರಿತ ಆಗೇತಿ ಅನಿಸ್ತದ. ಮೊದಲನೇ ಕಟ್ಟಿಗಿ ತಾಗಿದ ಕೂಡಲೇ ಮಡಚ್ತದ. 55ರ ಆಸುಪಾಸಿನ ಮೆತ್ತನ ಸ್ಟೀಲಿನಾಗ ಇದು ಹೆಚ್ಚು, 60ರಾಗ ಎಳೆ ತಾನೇ ಮುರಿದು ಬೀಳ್ತದ.

ತೆಗೆಯೋದು ಹಿಂಗ: 1000ದ ಮ್ಯಾಲೆ ಒತ್ತಡ ಕಡಿಮಿ ಮಾಡ್ತಾ ಬರ್ರಿ, ಕಡೀಕ ಚಾಕುವಿನ ಭಾರ ಅಷ್ಟೇ ಇರಲಿ. ಆಮೇಲೆ ಈ ಪಕ್ಕ ಒಂದು, ಆ ಪಕ್ಕ ಒಂದು, ಬಾಯಿ ಮುಂದ ಮಾಡಿ ಎಳೀರಿ, ಒಂದೆರಡು ಡಿಗ್ರಿ ಎತ್ತಿ, ಹತ್ತು ಜೋಡಿ. ಚರ್ಮದ ಪಟ್ಟಿಗೆ ಹಸಿರು ಕ್ರೋಮಿಯಂ ಆಕ್ಸೈಡ್ ಹಚ್ಚಿ ಬೆನ್ನು ಮುಂದ ಮಾಡಿ ಎಳೀರಿ. ಚರ್ಮ ತಗ್ಗಿ ಮ್ಯಾಲೇಳ್ತದ, ಅಲ್ಲಿ ಒತ್ತಿದ್ರ ಬಾಯಿ ದುಂಡಗಾಗ್ತದ, 18 ಇದ್ದದ್ದು ತುದೀಲಿ 25 ಆಗಿ ಕೂಡ್ತದ. ಚರ್ಮದ ಪಟ್ಟಿಯ ತುದಿ ಮುಟ್ಟೋ ಹೊತ್ತಿಗೆ ಚಾಕುನ ತಿರುಗಿಸಿ ಎತ್ತಬ್ಯಾಡ್ರಿ, ಮೊದಲು ನಿಲ್ಲಿಸಿ ಆಮೇಲೆ ಎತ್ರಿ.

ಸ್ಟಾಕ್‌ಹೋಮ್_ಕನ್ನಡಿಗ

ಮೋರಾದ ಬಗ್ಗೆ. ಇಲ್ಲಿ ಕೆತ್ತನೆ ಮಾಡುವವರು ಸ್ಕ್ಯಾಂಡಿಯನ್ನು ಇಡೀ ಪಟ್ಟಿ ಕಲ್ಲಿಗೆ ತಾಗುವಂತೆ ಒತ್ತಿ ಮಸೆಯುತ್ತಾರೆ. ಕೋನ ಊಹಿಸುವ ಕೆಲಸವೇ ಇಲ್ಲ, ಪಟ್ಟಿಯೇ ದಾರಿ ತೋರಿಸುತ್ತದೆ. ಬೆರಳನ್ನು ಪಟ್ಟಿಯ ಮೇಲೇ, ಬಾಯಿಗೆ ಹತ್ತಿರ ಇಟ್ಟು ಒತ್ತಿ. ಬೆನ್ನಿನ ಮೇಲೆ ಒತ್ತಿದರೆ ಮೇಲಿನ ಮೂಲೆ ಮಾತ್ರ ಸವೆದು ಪಟ್ಟಿ ಅಗಲವಾಗುತ್ತಾ ಹೋಗುತ್ತದೆ, ಬಾಯಿಗೆ ಕಲ್ಲು ತಾಗುವುದೇ ಇಲ್ಲ.

ಆದರೆ ಬಿದಿರಿಗೆ, ಕಟ್ಟಿಗೆ ಸೀಳುವುದಕ್ಕೆ ಬರೀ 12 ಡಿಗ್ರಿಯ ಬಾಯಿ ನಂಬಬೇಡಿ. ಸ್ವೀಡನ್ನಿನ ಬರ್ಚ್, ಪೈನ್ ಮೆತ್ತನೆಯ ಮರಗಳು, ನಮ್ಮ ಒಣ ಹುಣಸೆ ಬೇರೆಯೇ ಜಾತಿ. ಮೋರಾ ಕಾರ್ಖಾನೆಯಿಂದಲೇ ಸಣ್ಣ ಮೈಕ್ರೋ ಬೆವೆಲ್ ಜೊತೆ ಬರುವುದುಂಟು. ಅದನ್ನು ತೆಗೆದುಹಾಕುವುದೇ ಶುದ್ಧ ಮಸೆತ ಅಂತ ಹೊರಡಬೇಡಿ. 16-17ಕ್ಕೆ ಎತ್ತಿ ಪಕ್ಕಕ್ಕೆ ನಾಲ್ಕೈದು ಎಳೆತ, 0.1 ಮಿ.ಮೀ. ಅಗಲ ಬಂದರೆ ಸಾಕು.

ಮರಕೆತ್ತನೆ

ಮೈಕ್ರೋ ಬೆವೆಲ್ ಇಟ್ಟರೆ ಸ್ಕ್ಯಾಂಡಿಯ ಗುಣ ಹೋಗುತ್ತದೆ. ಪಟ್ಟಿಯನ್ನು ಮರಕ್ಕೆ ಒರಗಿಸಿ ತೆಳು ಸಿಪ್ಪೆ ಎತ್ತುವಾಗ ಬಾಯಿ ಕಚ್ಚುವುದಿಲ್ಲ, ಚಾಕುವನ್ನು ಇನ್ನೂ ಎತ್ತಬೇಕಾಗುತ್ತದೆ.

ಸ್ಟಾಕ್‌ಹೋಮ್_ಕನ್ನಡಿಗ

ಚಮಚ ಕೆತ್ತುವವರಿಗೆ ಅದು ನಿಜ. ಪ್ರಶ್ನೆ ಕೇಳಿದವರು ಗೂಟ ಚೂಪು ಮಾಡುತ್ತಾರೆ, ಕಟ್ಟಿಗೆ ಸೀಳುತ್ತಾರೆ. 0.1 ಮಿ.ಮೀ. ಅವರ ಕೈಗೆ ಗೊತ್ತೂ ಆಗುವುದಿಲ್ಲ.

ಕರಾವಳಿ_ಕುಂದಾಪುರ

ಯಾರೂ ತುಕ್ಕಿನ ಮಾತೆತ್ತಲಿಲ್ಲ. ಮಳೆಗಾಲದಲ್ಲಿ ಕರಾವಳಿ, ಘಟ್ಟದ ಗಾಳಿಗೆ ಕಾರ್ಬನ್ ಸ್ಟೀಲಿನ ಬಾಯಿ ಬಳಸದೆಯೇ ಮೊಂಡಾಗುತ್ತದೆ. ಮೈಮೇಲೆ ಕಲೆ ಕಾಣುವ ಮೊದಲೇ ಬಾಯಿಯ ತುದಿ ತಿಂದುಹೋಗಿರುತ್ತದೆ, ಯಾಕೆಂದರೆ ಅಲ್ಲಿ ಇರುವ ಲೋಹವೇ ಮೈಕ್ರಾನ್ ಲೆಕ್ಕದ್ದು. 12-15ರ ಬಾಯಿಗೆ ಇದು ಹೆಚ್ಚು ತಾಗುತ್ತದೆ. ಉಪ್ಪುಗಾಳಿಯ ಊರಲ್ಲಿ ಮೈಕ್ರೋ ಬೆವೆಲ್ ಇಡಲು ಇದೂ ಒಂದು ಕಾರಣ: ಬೆಳಿಗ್ಗೆ ಸಿರಾಮಿಕ್ ಕಡ್ಡಿಯ ಮೇಲೆ ಪಕ್ಕಕ್ಕೆ ಮೂರು ಸಲ ಎಳೆದರೆ ತುದಿ ಹೊಸದಾಗುತ್ತದೆ. ಕಡ್ಡಿ ಇಲ್ಲದಿದ್ದರೆ ಪಿಂಗಾಣಿ ಬಟ್ಟಲಿನ ತಳದ ಒರಟು ಬಳೆ ಸಾಕು.

ಒರೆಸಿ ಒಣಗಿಸಿ ಕೊಬ್ಬರಿ ಎಣ್ಣೆ ಸವರಿ. ಅಡುಗೆಗೂ ಬಳಸುವ ಚಾಕುವಿಗೆ ಅದೇ ಒಳ್ಳೆಯದು. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅಂಟಾಗುತ್ತದೆ, ಆಗ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ, ಬಳಸುವ ಮೊದಲು ತೊಳೆಯಿರಿ. ಚರ್ಮದ ಒರೆಯಲ್ಲಿ ಇಟ್ಟು ಮರೆಯಬೇಡಿ, ತೇವ ಹಿಡಿದಿಡುತ್ತದೆ. ಹಲಸಿನ ಮೇಣ ಹತ್ತಿದ್ದರೆ ಎಣ್ಣೆಯಿಂದ ಪೂರ್ತಿ ತೆಗೆದೇ ಕಲ್ಲಿಗೆ ಇಡಿ, ಇಲ್ಲದಿದ್ದರೆ ಮೇಣ ಡೈಮಂಡ್ ಕಣಗಳ ನಡುವೆ ತುಂಬಿಕೊಂಡು ಕಲ್ಲು ಜಾರುತ್ತದೆ.

ಚಾರಣ_ಶಿರಸಿ

ಕತ್ತಿಯ ಬಾಯಿ ಬಹಳ ದಪ್ಪ ಇದೆ, 1.6 ಮಿ.ಮೀ. ಬೆಂಚ್ ಗ್ರೈಂಡರಿನಲ್ಲಿ ತೆಳು ಮಾಡಿಸಿ, ಆಮೇಲೆ ಕಲ್ಲಿನಲ್ಲಿ 25ಕ್ಕೆ ತರಬಹುದೇ?

ಕುಲುಮೆ_ಹುಬ್ಬಳ್ಳಿ

ಗ್ರೈಂಡರಿಗೆ ಕೊಡಬ್ಯಾಡ್ರಿ. ಬಾಯಿ ತೆಳುವಾದಂಗ ಶಾಖ ಹೋಗಾಕ ಜಾಗ ಇರೂದಿಲ್ಲ. ಹುಲ್ಲಿನ ಹಳದಿ ಬಣ್ಣ ಬಂತಂದ್ರ 210ರ ಸುಮಾರು, ನೀಲಿ ಬಂತಂದ್ರ 300, ಹದ ಹೋತು. ಬಣ್ಣ ಕಾಣದೇನೂ ತುದಿಯ ಕೂದಲೆಳೆಯಷ್ಟು ಭಾಗ ಸುಟ್ಟಿರ್ತದ. ಒರಟು ಅರ ತಗೊಂಡು ಕೈಲೇ ಮಾಡ್ರಿ. ಅರ ಕಚ್ಚದಿದ್ರ 120ರ ಸಿಲಿಕಾನ್ ಕಾರ್ಬೈಡ್ ಕಲ್ಲು, ನೀರು ಹಾಕ್ಕೋತ. ಈಗಾಗಲೇ ನೀಲಿ ಆಗಿದ್ರ ಆ ನೀಲಿ ಭಾಗ ಪೂರ್ತಿ ಹೋಗೋತನಕ ಸವೆಸಬೇಕು.

ತೋಟದ_ಕತ್ತಿ_ಕೊಪ್ಪ

1.6ರಿಂದ 1.0ಕ್ಕೆ ತಂದರೆ ಸಾಕು, ಕಟ್ಟಿಗೆ ಕತ್ತಿಗೆ ಅದಕ್ಕಿಂತ ತೆಳು ಬೇಡ. ಅರದಲ್ಲಿ ಮಾಡಿದ ಮೇಲೆ ಚಪ್ಪಟೆಯ ಮೂಲೆಗಳು ಉಳಿಯುತ್ತವೆ. ದಪ್ಪ ರಬ್ಬರ್ ತುಂಡಿನ ಮೇಲೆ 400, ನಂತರ 800ರ ನೀರುಕಾಗದ (ನೀರು ಹಾಕಿ ಬಳಸುವ ಉಜ್ಜುಕಾಗದ) ಹಾಸಿ, ಬೆನ್ನು ಮುಂದಾಗಿ ಎಳೆಯಿರಿ. ಕಾಗದ ತಗ್ಗಿ ಮೂಲೆಗಳನ್ನು ಉಬ್ಬಾಗಿ ಕೂಡಿಸುತ್ತದೆ. ಬಾಗಿನ ಒಳಗಡೆಗೆ ಅದೇ ಕಾಗದವನ್ನು ಸಲಿಕೆ ಹಿಡಿಗೆ ಸುತ್ತಿ ಬಳಸಿ. ತುದಿ ತಾನಾಗಿ 25ಕ್ಕೆ ಬರುತ್ತದೆ, ಹೆಚ್ಚು ಒತ್ತಿದರೆ 30 ದಾಟುತ್ತದೆ. ಮಾರ್ಕರ್ ಬಳಿದು ನೋಡುತ್ತಾ ಹೋಗಿ.

ಚಾರಣ_ಶಿರಸಿ

ಸರಿ. ಮೋರಾ ಇದ್ದ ಪಟ್ಟಿಯಲ್ಲೇ ಮಸೆದು 16ರ ಮೈಕ್ರೋ ಬೆವೆಲ್, 1095 ಮೊದಲು 18, ಕೆಟ್ಟರೆ 20. ಕತ್ತಿ ಅರದಲ್ಲಿ. 1095ರ ಬಾಯಿ ಬಿದಿರಿನ ಮೇಲೆ ಹೇಗಿತ್ತು ಅಂತ ಭೂತಗನ್ನಡಿಯ ಚಿತ್ರದ ಜೊತೆ ಇಲ್ಲೇ ಹಾಕುತ್ತೇನೆ.

ಸಾಣೆಗಲ್ಲು

ಚಿತ್ರ ಎರಡೂ ಪಕ್ಕದಿಂದ ಹಾಕಿ. ಒಂದೇ ಪಕ್ಕ ಮಡಚಿದ್ದರೆ ಕೋನ ಏರಿಸುವ ಮೊದಲು ಎರಡೂ ಪಕ್ಕದ ಪಟ್ಟಿಯ ಅಗಲ ಸಮ ಇದೆಯೋ ಅಂತ ಅಳೆಯಬೇಕು. ಒಂದು ಪಕ್ಕ 1.2, ಇನ್ನೊಂದು ಪಕ್ಕ 1.8 ಇದ್ದರೆ ಬಾಯಿ ನಡುಗೆರೆಯಲ್ಲಿ ಇಲ್ಲ ಅಂತ ಅರ್ಥ. ಅದನ್ನು ಕಿರಿದಾದ ಪಟ್ಟಿಯ ಕಡೆ ಹೆಚ್ಚು ಮಸೆದು ಸರಿಮಾಡಬೇಕು.